ರೆಶ್ಮಾಳ ತೊಂಬತ್ತೆಂಟು

ಕೊರೋನದ ಎರಡನೇ ಅಲೆಯ ಆ ಮೇ ತಿಂಗಳಲ್ಲಿ ಮುಳ್ಳೇರಿಯದ ಆಂಬುಲೆನ್ಸಿನಲ್ಲಿ ಇದ್ದವರು ಇಬ್ಬರೇ. ಗಾಡಿ ಬಿಡುವವನು ಸುಕುಮಾರ, ಹಿಂದೆ ರೋಗಿಯ ಹತ್ತಿರ ಕೂರುವ ನರ್ಸು ರೆಶ್ಮಾ ಕ್ರಾಸ್ತಾ. ಇಬ್ಬರೂ ಗಟ್ಟಿ ಆಳುಗಳು ಅಂತ ಊರಲ್ಲೆಲ್ಲ ಹೆಸರು. ಹೆಸರು ಬಾರದೆ ಮತ್ತೆಂತ? ಕೇಳಿದವರಿಗೆಲ್ಲ "ನಮಗೆ ಎಂತ ಆಗುವುದು, ಆರಾಮ ಇದ್ದೇವೆ" ಅಂತಲೇ ಹೇಳುತ್ತಿದ್ದರು. ಕೇಳುವವರೂ ಅಷ್ಟೆ. ಅರವತ್ತು ಅಡಿ ದೂರ ನಿಂತು, ಮೂಗಿಗೆ ಸೆರಗು ಒತ್ತಿಕೊಂಡು, "ಹುಷಾರಿದ್ದೀರಲ್ಲ?" ಎಂದು ಕೂಗಿ, ಉತ್ತರ ಬರುವ ಮೊದಲೇ ಗೇಟು ಹಾಕಿಕೊಂಡು ಒಳಗೆ ಹೋಗುವವರು. ಅಂಥವರಿಗೆ ಉದ್ದದ ಉತ್ತರ ಯಾರು ಕೊಡುತ್ತಾರೆ ಹೇಳಿ.

ಸುಕುಮಾರ ಆರಾಮ ಇರಲಿಲ್ಲ ಅನ್ನುವುದು ರೆಶ್ಮಾಳಿಗೆ ಗೊತ್ತಿತ್ತು. ಒಂದೊಂದು ಟ್ರಿಪ್ಪು ಮುಗಿದ ಮೇಲೂ ಆ ಅಡೂರಿನ ಮನುಷ್ಯ ಗಾಡಿಯಿಂದ ಇಳಿದು, ಹಿಂದಿನ ಟಯರಿಗೆ ನಾಲ್ಕು ಒದ್ದು, ತುಳುವಿನಲ್ಲಿ ಬಾಯಿಗೆ ಬಂದದ್ದು ಬೈದು, ಮತ್ತೆ ಹತ್ತಿ ಕೂರುತ್ತಿದ್ದ. "ಗಾಳಿ ನೋಡಿದ್ದು" ಅನ್ನುತ್ತಿದ್ದ. ದಿನಕ್ಕೆ ಒಂಬತ್ತು ಸಲ ಗಾಳಿ ನೋಡುವ ಡ್ರೈವರನ್ನು ಯಾರಾದರೂ ಕಂಡದ್ದುಂಟೋ? ರೆಶ್ಮಾ ನಗುತ್ತಿದ್ದಳು. ತನ್ನದನ್ನು ಮಾತ್ರ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು.

ಅವಳದ್ದು ಎಂತದ್ದೆಂದರೆ, ಏಪ್ರಿಲ್ ನಡುವಿಗೆ ಒಂದು ಹೆಂಗಸು, ನಲವತ್ತರ ಆಸುಪಾಸು, ಆಸ್ಪತ್ರೆಯ ಗೇಟಿನ ಹೊರಗೆ ಗಾಡಿಯಲ್ಲೇ ಮಲಗಿ ಬೆಡ್ಡಿಗಾಗಿ ಕಾಯುತ್ತ ಇವಳ ಎದುರಿಗೇ ತೀರಿಹೋದಳು. ಆ ಹೆಂಗಸಿನ ಬೆರಳಿಗೆ ಆಕ್ಸಿಮೀಟರ್ ಹಾಕಿತ್ತು. ರಕ್ತದಲ್ಲಿ ಆಮ್ಲಜನಕ ಎಷ್ಟುಂಟು ಎಂದು ಹೇಳುವ ಬೆಂಕಿಪೆಟ್ಟಿಗೆ ಗಾತ್ರದ ಯಂತ್ರ ಅದು. ತೊಂಬತ್ತೈದರ ಮೇಲೆ ಇದ್ದರೆ ನಿಶ್ಚಿಂತೆ, ತೊಂಬತ್ತರ ಕೆಳಗೆ ಹೋದರೆ ಓಟ. ಅವತ್ತು ಅದು ಎಪ್ಪತ್ತು ಆಯಿತು, ಅರವತ್ತೆರಡು ಆಯಿತು, ಮತ್ತೆ ಬರೀ ಎರಡು ಗೀಟು ಬಂತು. ಸಿಲಿಂಡರಿನ ಕೀಲಿ ಪೂರ್ತಿ ತಿರುಗಿಸಿಯೇ ಇತ್ತು, ಇನ್ನು ತಿರುಗಿಸಲಿಕ್ಕೆ ಜಾಗ ಇರಲಿಲ್ಲ. ರೆಶ್ಮಾಳ ತಪ್ಪು ಒಂದು ಕೂದಲೆಳೆಯಷ್ಟೂ ಇಲ್ಲ. ಹಾಗೆಂದು ಅವಳಿಗೆ ಹೇಳಿದವರೂ ಯಾರೂ ಇಲ್ಲ.

ಮರುದಿನದಿಂದ ಅವಳ ಎದೆಯಲ್ಲಿ ಒಂದು ಹಗ್ಗ ಬಿಗಿದ ಹಾಗೆ. ಕರೆಯ ಫೋನು ಹೊಡೆದುಕೊಂಡರೆ ಸಾಕು, ಉಸಿರು ಅರ್ಧದಲ್ಲಿ ನಿಲ್ಲುತ್ತಿತ್ತು. ಕೊರೋನವೇ ಅಂದುಕೊಂಡು ಮೂರು ಸಲ ಪರೀಕ್ಷೆ ಮಾಡಿಸಿದಳು, ಮೂರು ಸಲವೂ ಇಲ್ಲ ಅಂತ ಬಂತು. ಆಮೇಲೆ ತನ್ನದೇ ಒಂದು ಆಕ್ಸಿಮೀಟರ್ ತರಿಸಿಕೊಂಡಳು. ಬೆಳಿಗ್ಗೆ ಎದ್ದು ಕಣ್ಣು ಬಿಡುವ ಮೊದಲು ಬೆರಳಿಗೆ ಅದು. ಊಟದ ಮೊದಲು ಅದು. ಗಾಡಿಯಲ್ಲಿ ರೋಗಿಯನ್ನು ಮಲಗಿಸಿ, ಅವರ ಬೆರಳಿಗೊಂದು ಹಾಕಿ, ಯಾರಿಗೂ ಕಾಣದ ಹಾಗೆ ತನ್ನ ಎಡಗೈಗೊಂದು. ತೆಳ್ಳಗಿನ ಒಳಗ್ಲೌಸಿನ ಮೇಲಿಂದಲೂ ಅದು ತೋರಿಸುತ್ತಿತ್ತು: ತೊಂಬತ್ತೆಂಟು. ಪಲ್ಸ್ ನೂರ ಹದಿನೆಂಟು. ತೊಂಬತ್ತೆಂಟು ಕಂಡರೆ ಐದು ನಿಮಿಷದ ಸಮಾಧಾನ. ಆರನೇ ನಿಮಿಷಕ್ಕೆ ಮತ್ತೆ ನೋಡಬೇಕು.

ಜಿಲ್ಲೆಯಿಂದ ಬುಧವಾರ ಬುಧವಾರ ಒಂದು ಹುಡುಗಿ ಫೋನು ಮಾಡುತ್ತಿದ್ದಳು, ಆರೋಗ್ಯ ಕೆಲಸದವರ ಮನಸ್ಸಿನ ಕ್ಷೇಮ ವಿಚಾರಿಸಲಿಕ್ಕೆ. ಒಳ್ಳೆ ಹುಡುಗಿ, ಮಲಯಾಳ ಬೆರೆತ ಕನ್ನಡದಲ್ಲಿ ಕಷ್ಟಪಟ್ಟು ಕೇಳುತ್ತಿದ್ದಳು. ನಿದ್ದೆ ಬರುತ್ತದಾ? ಎದೆ ಹೊಡೆದುಕೊಳ್ಳುತ್ತದಾ? ಹೆದರಿಕೆ ಉಂಟಾ? ರೆಶ್ಮಾ ಒಂದಕ್ಕೆ ಹೌದು, ಎರಡಕ್ಕೆ ಇಲ್ಲ ಎಂದು ಟಕಟಕ ಹೇಳಿ ಇಟ್ಟುಬಿಡುತ್ತಿದ್ದಳು. ನಿಜ ಹೇಳಿದರೆ ಮನೆಗೆ ಕಳಿಸುತ್ತಾರೆ. ಮನೆಗೆ ಕಳಿಸಿದರೆ ಗಾಡಿ ನಿಲ್ಲುತ್ತದೆ. ಬದಲಿಗೆ ಬರಲಿಕ್ಕೆ ಯಾರಿದ್ದಾರೆ? ಮನೆಗೆ ಹೋಗುವುದಾದರೂ ಹೇಗೆ, ಅಲ್ಲಿ ತಾಯಿ ಜೂಲಿಯೆಟ್ ಸಕ್ಕರೆ ಕಾಯಿಲೆಯವಳು. ಮೂರು ಮೈಲಿ ದೂರದ ಮನೆಗೆ ನಲವತ್ತು ದಿನದಿಂದ ಕಾಲಿಡದೆ, ಪೇಟೆಯ ಒಂದು ಬಾಡಿಗೆ ಕೋಣೆಯಲ್ಲಿ ಇದ್ದಳು ಈ ಮಗಳು. ಅಮ್ಮನ ಫೋನಿಗೂ ಅದೇ ಉತ್ತರ, ಕೊಂಕಣಿಯಲ್ಲಿ: "ಬರೆಂ ಆಸಾಂ ಮಮ್ಮಿ." ಇಡೀ ಲೋಕಕ್ಕೆ ಚೆನ್ನಾಗಿದ್ದೇನೆ ಅಂತ ಹೇಳಿ ಹೇಳಿ ಒಬ್ಬಳು ಎಷ್ಟು ದಿನ ಇರಬಹುದು? ನನಗೆ ಸಿಟ್ಟು ಬರುವುದು ಅಲ್ಲಿಯೇ. ಆದರೆ ಅವಳ ಮೇಲೆ ಅಲ್ಲ.

ಆ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಅಡೂರಿನ ಆಚೆಯಿಂದ ಕರೆ ಬಂತು. ಉಗ್ಗಪ್ಪ, ಅರವತ್ತೆಂಟು ವರ್ಷ, ಪಾಸಿಟಿವ್, ಐದು ದಿನದ ಜ್ವರ. ಹೋಗಿ ನೋಡಿದರೆ ಅಜ್ಜ ಅಂಗಳದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲೊಂದು ಚೀಲ ಹಿಡಿದು, ಮದುವೆ ದಿಬ್ಬಣಕ್ಕೆ ಹೊರಟವರ ಹಾಗೆ ನಿಂತಿದ್ದಾರೆ. ಮೂವತ್ತು ವರ್ಷ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಬಾಯಿ ಅದು, ಸುಮ್ಮನಿರುತ್ತದಾ?

"ಓಹೋ, ಬಿಳಿ ಬಟ್ಟೆಯ ಭೂತಗಳು ಬಂದವು! ಇದರಲ್ಲಿ ಗಂಡು ಯಾರು ಹೆಣ್ಣು ಯಾರು ಮಾರಾಯ?"

"ಹತ್ತಿ ಅಜ್ಜ, ಆಮೇಲೆ ಹೇಳ್ತೇನೆ" ಎಂದ ಸುಕುಮಾರ.

"ಟಿಕೇಟು ಎಷ್ಟು?"

"ನಿಮಗೆ ಫ್ರೀ ಪಾಸು."

ರೆಶ್ಮಾ ಅವರನ್ನು ಮಲಗಿಸಿ, ಬಲಗೈಯ ಬೆರಳಿಗೆ ಗಾಡಿಯ ಆಕ್ಸಿಮೀಟರ್ ಹಾಕಿದಳು. ಕೂತ ಕೂಡಲೇ ಎಡಗೈ ತನ್ನಷ್ಟಕ್ಕೆ ಹೋಗಿ ತನ್ನದನ್ನು ಹಾಕಿಕೊಂಡಿತು. ಎರಡೂ ಒಂದೇ ಕಂಪೆನಿಯವು, ಒಂದೇ ಬಣ್ಣ. ಉಗ್ಗಪ್ಪ ಮಾತಾಡುವುದೆಂದರೆ ಬಾಯಿಯಿಂದ ಅರ್ಧ, ಕೈಯಿಂದ ಅರ್ಧ. ಯಾವುದೋ ಮಳೆಗಾಲದಲ್ಲಿ ಬಸ್ಸಿನ ಮೇಲಿಂದ ಒಂದು ಗೊನೆ ಬಾಳೆಹಣ್ಣು ಪೋಲೀಸರ ತಲೆಗೆ ಬಿದ್ದ ಕಥೆಯನ್ನು ಅವರು ಎರಡೂ ಕೈ ಎತ್ತಿ ಹೇಳುತ್ತಿದ್ದರು. ಮುಂದಿನಿಂದ ಸುಕುಮಾರ ನಗುತ್ತಿದ್ದ. ಮುಳಿಹುಲ್ಲಿನ ಗುಡ್ಡದ ತಿರುವುಗಳಲ್ಲಿ ಗಾಡಿ ಆಚೆ ಈಚೆ ವಾಲುತ್ತಿತ್ತು. ಕಂಟ್ರೋಲ್ ರೂಮಿನಿಂದ ಫೋನು ಬಂತು.

"ಸ್ಯಾಚುರೇಶನ್ ಎಷ್ಟು?"

ಫೋನಿನ ಸದ್ದಿಗೇ ಅವಳ ಉಸಿರು ಕಟ್ಟಿತು. ಮುಖಕ್ಕೆ ಬಿಗಿದ ರಕ್ಷಣೆಯ ಕನ್ನಡಕದೊಳಗೆ ಹಬೆ. ಅಜ್ಜನ ಕೈ ನಿಲ್ಲಲಿ ಎಂದು ಎಡಗೈಯಿಂದ ಒತ್ತಿ ಹಿಡಿದುಕೊಂಡಳು. ಎರಡು ಕೈ ಒಟ್ಟಿಗೆ ಉಂಟು, ಅದರ ನಡುವೆ ಒಂದು ಕೆಂಪು ಅಂಕಿ ಹೊಳೆಯುತ್ತ ಉಂಟು.

"ತೊಂಬತ್ತೆಂಟು. ಪಲ್ಸ್ ನೂರ ಹದಿನೆಂಟು."

"ಮಾತಾಡ್ತಾರಾ?"

"ಮಾತಾ? ನಿಲ್ಲಿಸುವುದೇ ಇಲ್ಲ."

"ಹಾಗಾದರೆ ಬದಿಯಡ್ಕದ ಸೆಂಟರಿಗೆ ಬಿಡಿ. ಆಸ್ಪತ್ರೆಗೆ ಬೇಡ."

ಬದಿಯಡ್ಕದ ಸೆಂಟರ್ ಎಂದರೆ ರಜೆಯಲ್ಲಿದ್ದ ಒಂದು ಶಾಲೆ. ಬೆಂಚು ತೆಗೆದು ಮಂಚ ಹಾಕಿ, ರೋಗ ಜೋರಿಲ್ಲದವರನ್ನು ಇಟ್ಟುಕೊಳ್ಳುವ ಜಾಗ. ಹಾಸಿಗೆ ಐವತ್ತು, ನರ್ಸು ಇಬ್ಬರು. ಉಗ್ಗಪ್ಪ ನಡೆದೇ ಒಳಗೆ ಹೋದರು. ಬಾಗಿಲಲ್ಲಿ ತಿರುಗಿ, "ರೈಟ್ ರೈಟ್" ಎಂದು ಗಾಡಿಯ ಬದಿಗೆ ಎರಡು ತಟ್ಟಿದರು.

ಮುಳ್ಳೇರಿಯಕ್ಕೆ ವಾಪಸ್ಸು ಬಂದು, ಮೈಮೇಲಿನ ಆ ಬಿಳಿ ಬಟ್ಟೆ, ಪಿಪಿಇ, ತೆಗೆದು, ಕೈ ತೊಳೆದು ಬರುವಾಗ ಗಂಟೆ ಎರಡೂಕಾಲು. ಸುಕುಮಾರ ಟಯರಿನ ಗಾಳಿ ನೋಡಲಿಕ್ಕೆ ಇಳಿದ. ರೆಶ್ಮಾ ರಿಜಿಸ್ಟರಿನಲ್ಲಿ ಬರೆಯಲು ಕೂತಳು. ಹೆಸರು, ವಯಸ್ಸು, ಊರು. ತೊಂಬತ್ತೆಂಟು ಎಂದು ಬರೆದಳು. ನೂರ ಹದಿನೆಂಟು ಎಂದು ಬರೆದಳು. ಪೆನ್ನು ಅಲ್ಲಿಗೇ ನಿಂತಿತು. ಈ ಜೋಡಿಯನ್ನು ಅವಳು ದಿನಕ್ಕೆ ಮೂವತ್ತು ಸಲ ನೋಡುತ್ತಾಳೆ. ಇದು ತನ್ನ ಮನೆಯ ನಾಯಿಯಷ್ಟು ಪರಿಚಯ.

ಹಾರಿ ಹೋಗಿ ಗಾಡಿಯ ಹಿಂಬಾಗಿಲು ತೆರೆದಳು. ಗಾಡಿಯ ಆಕ್ಸಿಮೀಟರ್ ಸ್ಟ್ರೆಚರಿನ ಕೆಳಗೆ, ಚಕ್ರದ ಸಂದಿಯಲ್ಲಿ ಬಿದ್ದಿತ್ತು. ಬಾಳೆಗೊನೆಯ ಕಥೆಯ ಹೊತ್ತಿಗೇ ಅಜ್ಜನ ಬೆರಳಿನಿಂದ ಜಾರಿ ಹೋಗಿರಬೇಕು, ಇಳಿಸುವ ಅವಸರದಲ್ಲಿ ಅವಳಿಗೆ ಗೊತ್ತೇ ಆಗಿರಲಿಲ್ಲ. ಹಾಗಾದರೆ ಅಜ್ಜನ ಲೆಕ್ಕವನ್ನು ಯಾರೂ ನೋಡಿಯೇ ಇಲ್ಲ. ಫೋನಿನಲ್ಲಿ ಹೇಳಿದ್ದು, ಸೆಂಟರಿನ ಚೀಟಿಯಲ್ಲಿ ಬರೆದದ್ದು, ಎಲ್ಲ ರೆಶ್ಮಾ ಕ್ರಾಸ್ತಾಳ ಸ್ವಂತ ಉಸಿರು.

ಮಾತಾಡುತ್ತಾರೆ, ನಗುತ್ತಾರೆ, ನಡೆಯುತ್ತಾರೆ, ಹಾಗಾದರೆ ಚೆನ್ನಾಗಿರಬೇಕು ಅಂತ ನೀವು ನಾನು ಅಂದುಕೊಳ್ಳಬಹುದು. ಆ ಹಾಳು ರೋಗದಲ್ಲಿ ಅದು ನಡೆಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಎಂಬತ್ತಕ್ಕೆ ಇಳಿದವನೂ ಚಾ ಕುಡಿಯುತ್ತ ಪೇಪರು ಓದುತ್ತಿರುತ್ತಾನೆ, ಮತ್ತೆ ಒಂದು ಗಳಿಗೆಯಲ್ಲಿ ಕುಸಿಯುತ್ತಾನೆ. ಇದು ರೆಶ್ಮಾಳಿಗೆ ಗೊತ್ತು. ಐದು ದಿನದ ಜ್ವರ, ಅರವತ್ತೆಂಟು ವರ್ಷ. ಅವಳು ಸೆಂಟರಿನ ನರ್ಸು ದೀಪ್ತಿಗೆ ಫೋನು ಹಚ್ಚಿದಳು.

"ದೀಪ್ತಿ, ನಾನು ರೆಶ್ಮಾ. ಆ ಉಗ್ಗಪ್ಪಜ್ಜನ ಸ್ಯಾಚುರೇಶನ್ ಇನ್ನೊಂದು ಸಲ ನೋಡ್ತೀಯಾ?"

"ಆರು ಗಂಟೆಗೆ ಎಲ್ಲರದ್ದೂ ನೋಡ್ಲಿಕ್ಕೆ ಉಂಟಲ್ಲ, ಆಗ ನೋಡ್ತೇನೆ."

"ಈಗಲೇ ನೋಡು ಮಾರಾಯ್ತಿ."

"ರೆಶ್ಮಾ, ಇವತ್ತು ಹತ್ತೊಂಬತ್ತು ಹೊಸ ಜನ. ಮೇಲೆ ಒಬ್ಬಳು ಬಸುರಿ ವಾಂತಿ ಮಾಡ್ತಾ ಇದ್ದಾಳೆ. ಆ ಅಜ್ಜ ಇಡೀ ಕ್ಲಾಸ್ ರೂಮನ್ನು ನಗಿಸಿ ಈಗ ಮಲಗಿದ್ದಾರೆ. ತೊಂಬತ್ತೆಂಟು ಅಂತ ನೀನೇ ಅಲ್ವಾ ಬರೆದು ಕೊಟ್ಟದ್ದು?"

ಮಲಗಿದ್ದಾರೋ, ಕುಸಿದಿದ್ದಾರೋ, ಯಾರಿಗೆ ಗೊತ್ತು? "ಮೆಷಿನ್ ಮೇಲೆ ಸ್ವಲ್ಪ ಡೌಟು" ಎಂದಳು.

"ಡೌಟಾದರೆ ನಮಗೆ ಇಲ್ಲಿ ಎಲ್ಲದರ ಮೇಲೂ ಡೌಟು. ಐದೂವರೆಗೇ ಶುರು ಮಾಡ್ತೇನೆ, ಆಯ್ತಾ? ಇಡ್ತೇನೆ."

ಇಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಹೇಳಿದ್ದೇನಲ್ಲ, ನೋಡಲು ಹೇಳಿದ್ದೇನಲ್ಲ ಅಂತ ಮನಸ್ಸಿಗೆ ಒಂದು ಸಬೂಬು ಸಿಕ್ಕಿತ್ತು. ಐದೂವರೆಗೆ ಮೂರು ಗಂಟೆ ಉಂಟು. ಸುಕುಮಾರ ಒದೆಯುವುದನ್ನು ನಿಲ್ಲಿಸಿ ಇವಳ ಮುಖವನ್ನೇ ನೋಡುತ್ತಿದ್ದ. ಅವನ ಎದುರು ಹೇಳಬೇಕು, ದೀಪ್ತಿಗೆ ಹೇಳಬೇಕು, ಸಂಜೆಯೊಳಗೆ ಜಿಲ್ಲೆಗೆಲ್ಲ ಗೊತ್ತಾಗುತ್ತದೆ. ಕೆಲಸ ಹೋಗಬಹುದು. ತಲೆ ಕೆಟ್ಟವಳು ಅನ್ನಬಹುದು.

"ದೀಪ್ತಿ, ಇಡಬೇಡ! ಆ ತೊಂಬತ್ತೆಂಟು ಅಜ್ಜನದ್ದಲ್ಲ. ಅದು ನನ್ನದು."

"ಎಂತ?"

"ನನ್ನ ಬೆರಳಿನಲ್ಲಿ ಒಂದು ಇತ್ತು. ನಾನು ಯಾವಾಗಲೂ ಹಾಕಿಕೊಳ್ತೇನೆ. ಅಜ್ಜನದ್ದು ಬಿದ್ದು ಹೋಗಿತ್ತು. ನಾನು ನನ್ನದನ್ನೇ ಓದಿ ಹೇಳಿದೆ. ಅವರದ್ದು ಎಷ್ಟೂಂತ ದೇವರಿಗೇ ಗೊತ್ತು. ದಮ್ಮಯ್ಯ, ಓಡು."

ದೀಪ್ತಿ ಬೈಯಲಿಲ್ಲ. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು, ಮತ್ತೆ ಚಪ್ಪಲಿ ಓಡಿದ ಸದ್ದು. ರೆಶ್ಮಾ ಕಿವಿಗೆ ಒತ್ತಿ ಹಿಡಿದು ನಿಂತಳು. ದೂರದಲ್ಲಿ ಯಾರೋ ಕೆಮ್ಮಿದರು, ಯಾರೋ ಬಕೆಟು ಎಳೆದರು. ಎದೆಯ ಹಗ್ಗ ಎಷ್ಟು ಬಿಗಿಯಿತೆಂದರೆ ಅವಳು ಗಾಡಿಯ ಬಾಗಿಲಿಗೆ ಒರಗಿದಳು. ಸುಕುಮಾರ ಡ್ರೈವರ್ ಸೀಟಿಗೆ ಹತ್ತಿ ಗಾಡಿ ಸ್ಟಾರ್ಟ್ ಮಾಡಿದ. ಕಾರಣ ಕೇಳದೆ ಗಾಡಿ ಸ್ಟಾರ್ಟ್ ಮಾಡುವವರು ಲೋಕದಲ್ಲಿ ಕಡಿಮೆ.

"ಎಪ್ಪತ್ತೊಂಬತ್ತು" ಎಂದು ದೀಪ್ತಿ ಏದುಸಿರಿನಲ್ಲಿ ಕೂಗಿದಳು. "ತುಟಿ ನೀಲಿ ಆಗಿದೆ. ನಮ್ಮಲ್ಲಿರುವ ಒಂದು ಸಿಲಿಂಡರ್ ಹಾಕಿದ್ದೇನೆ. ಗಾಡಿ ತಾ ಬೇಗ!"

ಹನ್ನೆರಡು ಕಿಲೋಮೀಟರನ್ನು ಅವತ್ತು ಸುಕುಮಾರ ಹೇಗೆ ಬಿಟ್ಟ ಎಂಬುದನ್ನು ಬರೆಯಲಿಕ್ಕೆ ನನಗೆ ಧೈರ್ಯ ಇಲ್ಲ, ಅವನ ಲೈಸೆನ್ಸು ಉಳಿಯಬೇಕಲ್ಲ. ಸೆಂಟರಿನ ಬಾಗಿಲಲ್ಲಿ ಹೊಸ ಪಿಪಿಇ ಹಾಕಿಕೊಂಡು ಇಬ್ಬರೂ ಅಜ್ಜನನ್ನು ಎತ್ತಿ ತಂದರು. ಮಧ್ಯಾಹ್ನ ನಡೆದು ಹೋದವರು ಈಗ ಕತ್ತು ನಿಲ್ಲದೆ ಬಂದರು. ಮಾಸ್ಕಿನಲ್ಲಿ ಆಮ್ಲಜನಕ ಜೋರು ಬಿಟ್ಟು ಅಂಗಾತ ಇದ್ದವರನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಿದ ಮೇಲೆ ಎಂಬತ್ತನಾಲ್ಕು ಆಯಿತು. ಬದಿಯಡ್ಕ ಪೇಟೆ ದಾಟುವಾಗ ಎಂಬತ್ತೆಂಟು. ಈ ಸಲ ರೆಶ್ಮಾಳ ಎಡಗೈ ಖಾಲಿ ಇತ್ತು. ಅವಳದ್ದು ಮುಳ್ಳೇರಿಯದಲ್ಲಿ ರಿಜಿಸ್ಟರಿನ ಪಕ್ಕದಲ್ಲೇ ಉಳಿದಿತ್ತು, ತರಲಿಕ್ಕೆ ನೆನಪೇ ಆಗಲಿಲ್ಲ.

ಉಗ್ಗಪ್ಪ ಕಣ್ಣು ಬಿಟ್ಟು, ಮಾಸ್ಕಿನೊಳಗಿನಿಂದ, "ಪುನಃ ಎಂತಕ್ಕೆ... ನಿಮ್ಮ ಬಸ್ಸು?" ಎಂದರು.

"ಅಜ್ಜ, ಮಾತಾಡಬೇಡಿ. ನಾನು ತಪ್ಪು ಮಾಡಿದ್ದೇನೆ. ನಿಮ್ಮನ್ನು ಮೊದಲೇ ಆಸ್ಪತ್ರೆಗೆ ಒಯ್ಯಬೇಕಿತ್ತು. ನಿಮ್ಮದೂಂತ ನನ್ನ ನಂಬರ್ ಹೇಳಿದ್ದೇನೆ."

ಅಜ್ಜ ಕಣ್ಣು ತಿರುಗಿಸಿ ಅವಳ ಬೆರಳುಗಳನ್ನು ನೋಡಿದರು.

"ನಿನ್ನದು... ಎಷ್ಟು?"

"ತೊಂಬತ್ತೆಂಟು."

"ಒಳ್ಳೆದುಂಟಲ್ಲ. ಮತ್ತೆ... ಯಾಕೆ ಹಾಕಿಕೊಂಡದ್ದು?"

ಬುಧವಾರದ ಹುಡುಗಿ ಕೇಳಿದ್ದೂ ಇದನ್ನೇ, ಬೇರೆ ಮಾತಿನಲ್ಲಿ. ಆದರೆ ತನ್ನ ತಪ್ಪಿಗೆ ಸಿಕ್ಕಿದ ಮನುಷ್ಯ ತನ್ನ ಎದುರಿಗೆ ಮಲಗಿ ಕೇಳುವಾಗ ಸುಳ್ಳು ಬಾಯಿಗೆ ಬರುವುದಿಲ್ಲ. "ಹೆದರಿಕೆ ಅಜ್ಜ" ಎಂದಳು ರೆಶ್ಮಾ. "ನನಗೆ ಭಯಂಕರ ಹೆದರಿಕೆ ಆಗ್ತದೆ. ಉಸಿರು ಸಿಗುವುದಿಲ್ಲ. ಮೆಷಿನ್ ಸರಿ ಉಂಟು ಅಂತ ಹೇಳ್ತದೆ, ನನಗೆ ಸಿಗುವುದಿಲ್ಲ. ಒಬ್ಬಳು ಹೆಂಗಸು ಇದೇ ಸ್ಟ್ರೆಚರಿನಲ್ಲಿ ಸತ್ತಳು. ನಾನು ನೋಡ್ತಾ ಕೂತಿದ್ದೆ." ಅಷ್ಟಕ್ಕೆ ನಿಲ್ಲಲಿಲ್ಲ. ಗೇಟು, ಎರಡು ಗೀಟು, ಕೀಲಿ, ಆ ಹೆಂಗಸಿನ ಕಾಲಿನ ಬೆಳ್ಳಿ ಉಂಗುರ, ಎಲ್ಲ ಹೇಳಿದಳು. ರೋಗಿಯ ಹತ್ತಿರ ಹೇಳುವ ಮಾತಾ ಅದು? ಅಲ್ಲವೇ ಅಲ್ಲ. ಆದರೆ ನಲವತ್ತು ದಿನದ್ದು ಒಟ್ಟಿಗೆ ಬಂದರೆ ಯಾರ ಹತ್ತಿರ ಎಂದು ನೋಡಿಕೊಂಡು ಬರುವುದಿಲ್ಲ.

ಉಗ್ಗಪ್ಪ ಜನ್ಮದಲ್ಲಿ ಮೊದಲ ಸಲ ಯಾರದೋ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದರು. ಮತ್ತೆ ಕೈ ಎತ್ತಲಿಕ್ಕೆ ಹೋದರು. ಅವಳು ಗಡಬಡಿಸಿ ಆಕ್ಸಿಮೀಟರ್ ಜಾರದ ಹಾಗೆ ಆ ಕೈಯನ್ನು ಹಿಡಿದುಕೊಂಡಳು. "ಬಿಡಬೇಡ" ಎಂದರು ಅಜ್ಜ. "ನನಗೂ ಹೆದರಿಕೆ ಆಗ್ತಾ ಉಂಟು." ಆಸ್ಪತ್ರೆಯವರೆಗೆ ಅವಳು ಬಿಡಲಿಲ್ಲ.

ಓದುವವರ ಬಿಪಿ ಏರುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ: ಉಗ್ಗಪ್ಪ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಮೆಟ್ಟಿಲು ಹತ್ತುವಾಗ ಈಗಲೂ ಕುಳಿತು ಸುಧಾರಿಸಿಕೊಳ್ಳಬೇಕು. ಆ ಎರಡೂವರೆ ಗಂಟೆ ತಡವಾಗದಿದ್ದರೆ ಅಷ್ಟು ಆಗುತ್ತಿತ್ತೋ ಇಲ್ಲವೋ, ಹೇಳುವವರು ಯಾರೂ ಇಲ್ಲ. ಹಾಗಾಗಿ ತಪ್ಪು ತಪ್ಪೇ.

ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರ್ ಸೌದಾಮಿನಿ ಚೀಟಿ ನೋಡಿ ತಲೆ ಎತ್ತಿದರು. "ಮಧ್ಯಾಹ್ನ ತೊಂಬತ್ತೆಂಟು, ಈಗ ಎಪ್ಪತ್ತೊಂಬತ್ತಾ? ಒಮ್ಮೆಲೇ ಹೀಗೆ ಬಿದ್ದಿದ್ದರೆ ಬೇರೆ ಎಂತದ್ದೋ ಆಗಿದೆ, ಆ ದಾರಿಯಲ್ಲಿ ನೋಡಬೇಕು. ನಿಜವಾಗಿ ಎಷ್ಟಿತ್ತು?"

ಸುಕುಮಾರ ಮುಂದೆ ನುಗ್ಗಿದ. "ಮೆಷಿನ್ ಕೈಕೊಟ್ಟಿತು ಮೇಡಂ. ಬ್ಯಾಟರಿ ವೀಕು. ನಾನೇ ಬದಲಿಸ್ಲಿಕ್ಕೆ ಮರೆತದ್ದು."

ರೆಶ್ಮಾ ಅವನ ಕಡೆ ನೋಡಿದಳು. ಒಟ್ಟಿಗೆ ಕೆಲಸ ಮಾಡಿದ ಎರಡು ವರ್ಷದಲ್ಲಿ ಅವನು ಅವಳಿಗಾಗಿ ಹೇಳಿದ ಮೊದಲ ಸುಳ್ಳು, ಅದೂ ತನ್ನ ತಲೆಯ ಮೇಲೆ ಎಳೆದುಕೊಂಡು. "ಅವನು ಹೇಳುವುದು ಸುಳ್ಳು ಮೇಡಂ" ಎಂದಳು. "ಬ್ಯಾಟರಿ ಸರಿ ಉಂಟು. ಮಧ್ಯಾಹ್ನ ಅವರದ್ದು ನೋಡಿಯೇ ಇಲ್ಲ. ಅದು ನನ್ನ ಬೆರಳಿನದ್ದು." ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವುದು ಅವಳು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ.

ಡಾಕ್ಟರು ಪೆನ್ನು ತೆಗೆದು ಆ ತೊಂಬತ್ತೆಂಟಕ್ಕೆ ಅಡ್ಡ ಗೀಟು ಎಳೆದರು. "ಇದನ್ನು ನಾನು ಬರೆಯಲೇಬೇಕು ರೆಶ್ಮಾ. ಮೇಲೆ ಹೋಗ್ತದೆ."

"ಬರೀರಿ."

"ಇವತ್ತಿಂದ ನೀವು ಗಾಡಿಯಲ್ಲಿಲ್ಲ. ನಾನೇ ಫೋನ್ ಮಾಡಿ ಹೇಳ್ತೇನೆ." ಚೀಟಿ ಮಡಚುತ್ತ, "ಶಿಕ್ಷೆ ಅಂತ ತಿಳಿಯಬೇಡಿ. ನಾನು ದಿವಸಕ್ಕೆ ಹತ್ತು ಸಲ ಜ್ವರ ನೋಡಿಕೊಳ್ತೇನೆ. ಇದುವರೆಗೆ ಯಾರಿಗೂ ಹೇಳಿಲ್ಲ" ಎಂದು ಸ್ಟ್ರೆಚರಿನ ಹಿಂದೆ ಓಡಿದರು.

ಪಿಪಿಇ ತೆಗೆಯುವ ಕೋಣೆಯಲ್ಲಿ ಒಬ್ಬರು ತೆಗೆಯುವಾಗ ಇನ್ನೊಬ್ಬರು ಆರಡಿ ದೂರ ನಿಂತು ಒಂದೊಂದೇ ಹೆಜ್ಜೆಯನ್ನು ಗಟ್ಟಿಯಾಗಿ ಹೇಳಬೇಕು. ಸುಸ್ತಾದವರು ಮರೆತು ಮುಖ ಮುಟ್ಟಿಕೊಳ್ಳುತ್ತಾರೆ, ರೋಗ ಹತ್ತುವುದು ಆಗಲೇ. ಹಾಗಾಗಿ ಆ ನಿಯಮ. ಸುಕುಮಾರ ಗೋಡೆಗೆ ಒರಗಿ ನಿಂತ. ಅವನಿಗೆ ಸಿಟ್ಟು ಬಂದಿತ್ತು.

"ಎಂತಕ್ಕೆ ನನ್ನನ್ನು ಸುಳ್ಳುಗಾರ ಮಾಡಿದ್ದು? ಹೊರಗಿನ ಗ್ಲೌಸ್ ತೆಗಿ."

ಅವಳು ತೆಗೆದಳು.

"ಕೈಗೆ ಸ್ಯಾನಿಟೈಸರ್. ನನಗೆ ಮೊದಲೇ ಹೇಳ್ಲಿಕ್ಕೆ ಆಗ್ತಿರಲಿಲ್ವಾ? ಬೆನ್ನ ಹಿಂದೆ ಕೂತು ನಲವತ್ತು ದಿನ! ಗೌನ್ ಬಿಚ್ಚು. ಒಳಮೈ ಹೊರಗೆ ಬರುವ ಹಾಗೆ ಮಡಚು."

ಅವಳಿಗೆ ಅಳು ಬಂದಿತ್ತು. ಕನ್ನಡಕದೊಳಗೆ ನೀರು ತುಂಬಿ ಸುಕುಮಾರ ಕಾಣದಾದ. ಅವಳ ಬಲಗೈ ಮುಖದ ಕಡೆಗೆ ಹೋಯಿತು.

"ಮುಟ್ಟಬೇಡ!" ಎಂದು ಅವನು ಕೂಗಿದ. ಮತ್ತೆ ಸ್ವರ ತಗ್ಗಿಸಿ, "ಅಳು, ಅಡ್ಡಿ ಇಲ್ಲ. ಕೈ ಮಾತ್ರ ಕೆಳಗೆ ಇಡು" ಎಂದ. "ಇನ್ನು ಕಾಲಿನದ್ದು. ಸ್ಯಾನಿಟೈಸರ್. ಕನ್ನಡಕ, ಹಿಂದಿನ ಪಟ್ಟಿಯಿಂದ ಹಿಡಿ."

ಕನ್ನಡಕ ತೆಗೆದಾಗ ನೀರು ಕೆನ್ನೆಗೆ ಇಳಿದು, ಮಾಸ್ಕಿನ ಅಂಚಿನಲ್ಲಿ ಹರಿದು ಕುತ್ತಿಗೆಗೆ ಹೋಯಿತು. ಅವಳು ಎರಡೂ ಕೈ ದೂರ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸುಕುಮಾರ ಒಂದು ಹೆಜ್ಜೆ ಮುಂದೆ ಇಟ್ಟು, ತನ್ನ ಮೈಮೇಲೆ ಇನ್ನೂ ಪಿಪಿಇ ಇರುವುದು ನೆನಪಾಗಿ ಹಿಂದೆ ಸರಿದ. ಅವನಿಂದ ಮಾಡಲಿಕ್ಕೆ ಆಗುತ್ತಿದ್ದದ್ದು ಮುಂದಿನ ಹೆಜ್ಜೆ ಹೇಳುವುದು ಮಾತ್ರ. ಅದನ್ನೇ ಮಾಡಿದ.

"ಮಾಸ್ಕಿನ ಕೆಳಗಿನ ದಾರ. ಮೇಲಿನದ್ದು. ಮುಂದೆ ಮುಟ್ಟಬೇಡ, ಹಾಗೇ ಬುಟ್ಟಿಗೆ ಹಾಕು. ಒಳಗಿನ ಗ್ಲೌಸ್. ಈಗ ಸಾಬೂನು. ಬೆರಳ ಸಂದಿ. ಹೆಬ್ಬೆರಳು. ಅವಸರ ಇಲ್ಲ, ಸರಿ ತೊಳೆ."

ಅವಳು ನಳ್ಳಿಯನ್ನು ಮೊಣಕೈಯಿಂದ ನಿಲ್ಲಿಸಿ ತಿರುಗಿ ನಿಂತಳು.

"ಆಯಿತು ಮಾರಾಯ್ತಿ" ಎಂದ ಸುಕುಮಾರ. "ಇನ್ನು ಮುಖ ಮುಟ್ಟಿಕೊಳ್ಳಬಹುದು."